ಟ್ರಂಕಿನಲ್ಲಿದ್ದ ಕೌದಿ

ಪುಣೆಯ ನಮ್ಮ ಮನೆಯ ಟ್ರಂಕಿನಲ್ಲಿ ಅರ್ಧ ಹೊಲಿದ ಕೌದಿಯೊಂದು ಬಹುಕಾಲದಿಂದ ಬಿದ್ದಿತ್ತು. ಇಳಕಲ್ಲಿನಿಂದ ಬರುವಾಗ ಅಜ್ಜಿ ತಂದದ್ದು. ಕಣ್ಣು ಮಂಜಾದ ಮೇಲೆ ಅವರು ಸೂಜಿ ಕೆಳಗಿಟ್ಟರು, ಮುಂದೆ ತೀರಿಕೊಂಡರು. ಲೆಡ್ಜರಿನ ಹಳೆಯ ಬಾಕಿಯಂತೆ ಅದು ಹಾಗೆಯೇ ಉಳಿಯಿತು. ಮಡಿಕೆಗಳಲ್ಲಿ ಬಟ್ಟೆ ಜಿಬ್ಬುತ್ತಿತ್ತು. ಯಾವ ತುಂಡು ಯಾರದೆಂದು ಬಲ್ಲವರು ಈಗ ನಮ್ಮ ತಾಯಿಯವರೊಬ್ಬರೇ.

ಅವರನ್ನು ಕೇಳುತ್ತ ಹೋದಂತೆ ನಾಡಿನ ಚರಿತ್ರೆಯೇ ಬಿಚ್ಚಿಕೊಂಡಿತು. ಕೆಂಪು ತುಂಡು ಇಳಕಲ್ ಸೀರೆಯ ಸೆರಗು. ಒಡಲಿನ ಹತ್ತಿಯ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ನೇಕಾರರು ‘ಕೊಂಡಿ’ ಹಾಕಿ ಕೂಡಿಸುತ್ತಾರೆ. ಪಕ್ಕದ ಚೌಕಗಳು ಗುಳೇದಗುಡ್ಡದ ಖಣ. ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಈ ಎರಡು ಊರುಗಳೂ 1956ರವರೆಗೆ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯಲ್ಲಿದ್ದವು. ಮಾಸಿದ ನೀಲಿ ತುಂಡು ಅಜ್ಜಿಯ ತವರಾದ ಕುಷ್ಟಗಿಯದು. ಅದು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿತ್ತು. ಇಳಕಲ್ಲಿಗೂ ಕುಷ್ಟಗಿಗೂ ದಾರಿ ದೂರವಿಲ್ಲ, ಮಾತೂ ಒಂದೇ. ಆದರೂ ಅಜ್ಜಿ ಒಂದು ರಾಜ್ಯದ ಮಗಳು, ಇನ್ನೊಂದು ರಾಜ್ಯದ ಸೊಸೆ. 1956ರ ನವೆಂಬರ್ 1ರಂದು ತವರೂ ಅತ್ತೆಮನೆಯೂ ಒಂದೇ ಮೈಸೂರು ರಾಜ್ಯದೊಳಗೆ ಬಂದವು. 1973ರ ನವೆಂಬರ್ 1ರಂದು ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು.

ತಾಯಿಯವರು ಮತ್ತೆ ಸೂಜಿ ಹಿಡಿದರು. ನೆರೆಮನೆಯ ಮರಾಠಿ ಅಜ್ಜಿ ನೋಡಿ, “ಇದು ನಮ್ಮ ಗೋಧಡಿಯೇ!” ಎಂದು ಜೊತೆಗೆ ಕುಳಿತರು. ಕಡೆಯ ಅಂಚು ಅವರ ಕೈಯಿಂದಲೇ ಮುಗಿಯಿತು. ಅಜ್ಜಿಯ ಒತ್ತು ಹೊಲಿಗೆ ಎಲ್ಲಿ ನಿಂತಿತು, ಇವರ ಹೊಲಿಗೆ ಎಲ್ಲಿ ಹಿಡಿಯಿತು ಎಂಬುದು ಈಗಲೂ ಕಾಣುತ್ತದೆ. ಕಾಣಲಿ ಎಂದೇ ಬಿಟ್ಟಿದ್ದೇವೆ.

ಬಂಧುಗಳೇ, ಹೇಳಬಲ್ಲ ಹಿರಿಯರು ಇರುವಾಗಲೇ ನಿಮ್ಮ ಮನೆಯ ಟ್ರಂಕನ್ನೂ ಒಮ್ಮೆ ತೆರೆದು ನೋಡಿ.