ಐದು ಟೈರಿನ ಲೆಕ್ಕ

ಡಿಕ್ಕಿಯಲ್ಲಿ ಮಲಗಿರುವ ಐದನೆಯ ಚಕ್ರಕ್ಕೆ ನಾವೆಲ್ಲ ‘ಸ್ಟೆಪ್ನಿ’ ಎನ್ನುತ್ತೇವೆ. ಇದೊಂದು ಬೀದಿಯ ಹೆಸರು ಎಂದು ಗೊತ್ತಾದಾಗ ನನಗೆ ನಗು ಬಂದಿತ್ತು. ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಎಂಬ ಅಣ್ಣತಮ್ಮಂದಿರು 1904ರ ಸುಮಾರಿಗೆ ಕಡ್ಡಿಗಳಿಲ್ಲದ, ಗಾಳಿ ತುಂಬಿದ ಟೈರಿನ ಒಂದು ಬಳೆ ಮಾಡಿ ಮಾರತೊಡಗಿದರು. ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಅದನ್ನು ಬಿಗಿದು ಗಾಡಿ ಓಡಿಸಬಹುದಿತ್ತು. ಅಲ್ಲಿಯವರೆಗೆ ಕಾರುಗಳು ಹೆಚ್ಚುವರಿ ಚಕ್ರವಿಲ್ಲದೆಯೇ ಬರುತ್ತಿದ್ದವು. ಟೈರು ಒಡೆದರೆ ರಸ್ತೆಬದಿಯಲ್ಲೇ ಬಿಚ್ಚಿ, ತೇಪೆ ಹಾಕಿ, ಗಾಳಿ ಹೊಡೆಯಬೇಕು. ಬ್ರಿಟನ್ನಿನಲ್ಲಿ ಈಗ ಹೆಚ್ಚಿನವರು ಮರೆತಿರುವ ಈ ಪದ ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇನ್ನೂ ಚೆನ್ನಾಗಿ ಬದುಕಿದೆ.

ಈ ಐದನೆಯ ಟೈರು ಒಂದು ದೇಶದ ಸರ್ಕಾರಿ ಲೆಕ್ಕಕ್ಕೆ ಸಿಕ್ಕಿದ ಕಾಲವೂ ಒಂದಿತ್ತು. ಎರಡನೆಯ ಮಹಾಯುದ್ಧದ ಅಮೆರಿಕದಲ್ಲಿ ಒಂದು ಕಾರಿಗೆ ಐದು ಟೈರು ಮಾತ್ರ. ಆರನೆಯದು ಇದ್ದರೆ ಸರ್ಕಾರಕ್ಕೆ ಮಾರಬೇಕು, ಇಲ್ಲವಾದರೆ ಪೆಟ್ರೋಲ್ ಕೂಪನ್ ಇಲ್ಲ. ಟೈರಿನ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟುಕೊಂಡ ಅಧ್ಯಾಯ ಇದು. ನಾವು ಇವತ್ತು ಮೆಕ್ಯಾನಿಕ್ಕಿನ ಬುದ್ಧಿವಾದ ಎಂದು ಕೇಳಿ ಮರೆಯುವ ಮಾತುಗಳು, ಅಂದರೆ ಗಾಳಿ ನೋಡಿಸಿ, ನಿಧಾನ ಓಡಿಸಿ, ಸವೆತ ಗಮನಿಸಿ ಎಂಬವು, ಅಲ್ಲಿ ಮೂರು ವರ್ಷ ದೇಶರಕ್ಷಣೆಯ ಕೆಲಸವಾಗಿದ್ದವು.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. ನಾಲ್ಕೇ ದಿನಗಳಲ್ಲಿ ಅಮೆರಿಕ ಹೊಸ ಟೈರುಗಳ ಮಾರಾಟ ನಿಲ್ಲಿಸಿತು. 1942ರ ಜನವರಿ ಮೊದಲ ವಾರ ಟೈರಿಗೆ ರೇಷನ್ ಬಂತು. ಸಕ್ಕರೆ, ಕಾಫಿ, ಮಾಂಸ, ಬೂಟುಗಳೆಲ್ಲ ಆಮೇಲಿನವು. ಮೊದಲು ರೇಷನ್ನಿಗೆ ಬಿದ್ದದ್ದು ಟೈರು. ಕಾರಣ ಸರಳ: ಅಮೆರಿಕ ಬಳಸುತ್ತಿದ್ದ ರಬ್ಬರಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಆಗ್ನೇಯ ಏಷ್ಯಾದಿಂದ ಬರುತ್ತಿತ್ತು. ಫೆಬ್ರವರಿ 15ಕ್ಕೆ ಸಿಂಗಪುರ ಬಿತ್ತು, ಮಾರ್ಚಿನಲ್ಲಿ ಜಾವಾ ಹೋಯಿತು. ಬಾಗಿಲು ಮುಚ್ಚಿಯೇ ಹೋಯಿತು.

ಹೊಸ ಟೈರು ಬೇಕೆಂದವರು ಊರಿನ ರೇಷನ್ ಮಂಡಳಿಯ ಮುಂದೆ ನಿಲ್ಲಬೇಕಾಯಿತು. ವೈದ್ಯರು, ದಾದಿಯರು, ಪಶುವೈದ್ಯರು, ಆಂಬುಲೆನ್ಸ್, ಅಗ್ನಿಶಾಮಕದಳ, ಬಸ್ಸು, ಸರಕಿನ ಲಾರಿ ಇವಕ್ಕೆ ಮೊದಲ ಪಾಲು. ಉಳಿದವರಿಗೆ ಇದ್ದದ್ದನ್ನೇ ಕಾಪಾಡಿಕೊಳ್ಳುವ ದಾರಿ. ಜೂನ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹಳೆಯ ರಬ್ಬರ್ ಕೊಡಿ ಎಂದು ಕೇಳಿದಾಗ ಜನ ಸವೆದ ಟೈರು, ಮಳೆಕೋಟು, ತೋಟದ ಪೈಪು, ಬಿಸಿನೀರಿನ ಚೀಲಗಳನ್ನೆಲ್ಲ ಪೆಟ್ರೋಲ್ ಬಂಕುಗಳ ಮುಂದೆ ರಾಶಿ ಹಾಕಿದರು. ಪೌಂಡಿಗೆ ಒಂದು ಸೆಂಟ್. ಸುಮಾರು ನಾಲ್ಕೂವರೆ ಲಕ್ಷ ಟನ್ ಸೇರಿತು. ಆದರೆ ಒಮ್ಮೆ ಬೆಂದ ರಬ್ಬರ್ ಮತ್ತೆ ಹೊಸದರಂತಾಗುವುದಿಲ್ಲ.

ಆಮೇಲೆ ಬಂದದ್ದು ಬರೂಕ್ ಸಮಿತಿ. ಬರ್ನಾರ್ಡ್ ಬರೂಕ್ ಜೊತೆಗೆ ಹಾರ್ವರ್ಡ್‌ನ ಅಧ್ಯಕ್ಷ ಕೊನಂಟ್, ಎಂ.ಐ.ಟಿ.ಯ ಅಧ್ಯಕ್ಷ ಕಾಂಪ್ಟನ್. ಸೆಪ್ಟೆಂಬರ್‌ನಲ್ಲಿ ಅವರು ಕೊಟ್ಟ ಸಲಹೆ ವಿಚಿತ್ರವಾಗಿತ್ತು: ಟೈರು ಉಳಿಯಬೇಕಾದರೆ ಪೆಟ್ರೋಲಿಗೆ ರೇಷನ್ ಹಾಕಿ. ಪೂರ್ವ ಕರಾವಳಿಯಲ್ಲಿ ಪೆಟ್ರೋಲ್ ಕೊರತೆ ಇದ್ದದ್ದು ನಿಜ. ಆದರೆ ಟೆಕ್ಸಾಸ್, ಒಕ್ಲಹೋಮಾಗಳಲ್ಲಿ ಎಣ್ಣೆ ಬಾವಿಯಲ್ಲೇ ಇತ್ತು. ಮನೆಯ ಪಕ್ಕ ಬಾವಿ ಇಟ್ಟುಕೊಂಡು ವಾರಕ್ಕೆ ಮೂರು ನಾಲ್ಕು ಗ್ಯಾಲನ್ ಎಂದರೆ ಯಾರು ಒಪ್ಪುತ್ತಾರೆ? ಗಲಾಟೆ ಆಯಿತು. ಆದರೂ ಡಿಸೆಂಬರ್ 1ರಿಂದ ದೇಶಕ್ಕೆಲ್ಲ ರೇಷನ್. ಜೊತೆಗೆ ವೇಗಕ್ಕೂ ಮಿತಿ: ಗಂಟೆಗೆ 35 ಮೈಲಿ, ನಮ್ಮ ಲೆಕ್ಕದಲ್ಲಿ 56 ಕಿಲೋಮೀಟರ್.

ವೇಗಕ್ಕೂ ಟೈರಿಗೂ ಏನು ಸಂಬಂಧ ಎಂದರೆ, ಬಿಸಿ. ಚಕ್ರ ಒಂದು ಸುತ್ತು ಹಾಕುವಾಗ ನೆಲ ಮುಟ್ಟುವ ಜಾಗದಲ್ಲಿ ಟೈರು ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಹೀಗೆ ಮಡಿಸಿ ಬಿಚ್ಚುವ ಕೆಲಸದಲ್ಲಿ ರಬ್ಬರ್ ಕಾಯುತ್ತದೆ. ವೇಗ ಹೆಚ್ಚಿದಷ್ಟೂ ಹೆಚ್ಚು. ಗಾಳಿ ಕಡಿಮೆಯಿದ್ದರೆ ಮಡಿಕೆ ದೊಡ್ಡದಾಗುತ್ತದೆ, ಎರಡೂ ಅಂಚುಗಳು ಬೇಗ ಸವೆಯುತ್ತವೆ, ಎಂಜಿನ್ ಹೆಚ್ಚು ಎಣ್ಣೆ ಕುಡಿಯುತ್ತದೆ, ಕೊನೆಗೆ ಟೈರು ಸಿಡಿಯಲೂಬಹುದು. ಗಾಳಿ ಅತಿಯಾದರೆ ನಡುಭಾಗ ಮಾತ್ರ ನೆಲ ಮುಟ್ಟಿ ಅಲ್ಲೇ ತೆಳುವಾಗುತ್ತದೆ. ಹಾಗಾಗಿ ಕೆಲವು ತಿಂಗಳಿಗೊಮ್ಮೆ ಟೈರುಗಳನ್ನು ತಪಾಸಣೆಗೆ ಒಯ್ಯುವುದು ಕಡ್ಡಾಯವಾಯಿತು. ಪ್ರತಿ ಟೈರಿನ ನಂಬರು ಬರೆದ ಚೀಟಿಯಲ್ಲಿ ತಪಾಸಣೆಗಾರ ರುಜು ಹಾಕುತ್ತಿದ್ದ. ಬಟನ್ ಸವೆದಿದ್ದರೆ ರೀಸೋಲ್ ಮಾಡಿಸಲು ಬರೆಯುತ್ತಿದ್ದ. ಕಾರಿನಲ್ಲಿ ಒಬ್ಬನೇ ಹೋಗುವವನ ಪಕ್ಕದಲ್ಲಿ ಹಿಟ್ಲರ್ ಕೂತಿರುವಂತೆ ಬರೆದ ಪೋಸ್ಟರ್ ಕೂಡ ಆ ಕಾಲದ್ದೇ.

ಇಷ್ಟೆಲ್ಲ ಅಮೆರಿಕದ ಕಷ್ಟ. ಅವರಿಗೆ ತಪ್ಪಿಹೋದ ರಬ್ಬರನ್ನು ಇಳಿಸುತ್ತಿದ್ದವರ ಕಥೆ ಬೇರೆಯದೇ. 1876ರಲ್ಲಿ ಹೆನ್ರಿ ವಿಕ್ಹಮ್ ಬ್ರೆಜಿಲ್‌ನಿಂದ ಲಂಡನ್ನಿಗೆ ಸುಮಾರು 70,000 ರಬ್ಬರ್ ಬೀಜ ಸಾಗಿಸಿದ. ಆ ಸಸಿಗಳ ಸಂತಾನವೇ ಮಲಯದ ತೋಟಗಳು. ಸುಳ್ಯ, ಬೆಳ್ತಂಗಡಿ ಕಡೆಯವರಿಗೆ ಟ್ಯಾಪಿಂಗ್ ಕೆಲಸ ಗೊತ್ತು: ಬೆಳಕು ಹರಿಯುವ ಮೊದಲೇ ಎದ್ದು ಮರಮರಕ್ಕೂ ಹೋಗಿ ತೊಗಟೆ ಕೆತ್ತಿ ಹಾಲು ಹಿಡಿಯಬೇಕು. ಮಲಯದಲ್ಲಿ ಈ ಕೆಲಸಕ್ಕೆ ದಕ್ಷಿಣ ಭಾರತದಿಂದ, ಬಹುಪಾಲು ತಮಿಳುನಾಡಿನಿಂದ, ಕೂಲಿಗಳು ಹೋಗಿದ್ದರು. ಜಪಾನ್ ಬಂದ ಮೇಲೆ ರಬ್ಬರ್ ಕೊಳ್ಳುವವರಿಲ್ಲ, ತೋಟಗಳಲ್ಲಿ ಅನ್ನವಿಲ್ಲ. ಅವರಲ್ಲಿ ಅನೇಕರನ್ನು ಸಯಾಂ–ಬರ್ಮಾ ರೈಲುಹಾದಿ ಕಟ್ಟಲು ಒಯ್ದರು. 415 ಕಿಲೋಮೀಟರಿನ ಆ ಹಾದಿಯಲ್ಲಿ ಸತ್ತ ಏಷ್ಯಾದ ಕೂಲಿಗಳು ಸುಮಾರು 90,000 ಎಂದು ಅಂದಾಜು. ಅಲ್ಲೇ ಸತ್ತ 12,000ಕ್ಕೂ ಹೆಚ್ಚು ಯುದ್ಧಕೈದಿಗಳಿಗೆ ಹೆಸರು ಕೆತ್ತಿದ ಸಮಾಧಿಗಳಿವೆ, ಕ್ವಾಯ್ ನದಿಯ ಸೇತುವೆಯ ಸಿನಿಮಾ ಇದೆ. ಕೂಲಿಗಳಲ್ಲಿ ಹೆಚ್ಚಿನವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಟೈರಿನ ಚರಿತ್ರೆ ಬರೆಯುವವರು ಅಮೆರಿಕದ ಕೂಪನ್ನಿಗೆ ಕೊಡುವಷ್ಟು ಜಾಗವನ್ನು ಇವರಿಗೆ ಕೊಡುವುದಿಲ್ಲ ಎಂಬುದು ನನ್ನ ತಕರಾರು.

ಅಮೆರಿಕ ಕೊನೆಗೆ ಗೆದ್ದದ್ದು ಕಾರ್ಖಾನೆಯಲ್ಲಿ. ಪೆಟ್ರೋಲಿಯಂ ಮತ್ತು ಆಲ್ಕೊಹಾಲಿನಿಂದ ಕೃತಕ ರಬ್ಬರ್ ತಯಾರಿಸಿ, 1945ರ ಹೊತ್ತಿಗೆ ವರ್ಷಕ್ಕೆ ಏಳು ಲಕ್ಷ ಟನ್ನಿಗೂ ಮಿಗಿಲು ತೆಗೆಯಿತು. ಆಗಸ್ಟ್‌ನಲ್ಲಿ ಜಪಾನ್ ಶರಣಾದೊಡನೆ ಪೆಟ್ರೋಲ್ ರೇಷನ್ನೂ ವೇಗದ ಮಿತಿಯೂ ಹೋದವು. ಟೈರಿನ ರೇಷನ್ ಮಾತ್ರ ವರ್ಷದ ಕೊನೆಯ ದಿನದವರೆಗೆ ಉಳಿಯಿತು.

ನಮ್ಮಲ್ಲಿ ಈಗ ಕಾರಿನ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂಬ ನಿಯಮವಿದೆ. ಗೀರಿನೊಳಗೆ ಅಡ್ಡಡ್ಡ ಇರುವ ಪುಟ್ಟ ದಿಬ್ಬಗಳು ಆ ಅಳತೆಯವೇ. ಬಟನ್ ಸವೆದು ಅವುಗಳ ಮಟ್ಟಕ್ಕೆ ಬಂದರೆ, ಮಳೆಯಲ್ಲಿ ನೀರು ಹೊರಹೋಗಲು ದಾರಿಯಿಲ್ಲದೆ ಕಾರು ಜಾರುತ್ತದೆ. ಗಾಳಿ ಎಷ್ಟಿರಬೇಕೆಂದು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಸಾಮಾನ್ಯವಾಗಿ ಚೀಟಿ ಅಂಟಿಸಿರುತ್ತಾರೆ. ಟೈರು ತಣ್ಣಗಿರುವಾಗ ನೋಡಿಸಬೇಕು. 2020ರ ತಿದ್ದುಪಡಿಯ ಪ್ರಕಾರ ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ಸಾಧನ, ಪಂಕ್ಚರ್ ಕಿಟ್ ಮೂರೂ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ.