ವಿನ್‌ಮೋಡೆಮ್ ಮತ್ತು ಲಿನಕ್ಸ್

ವಿನ್‌ಮೋಡೆಮ್: ತನ್ನ ಕೆಲಸದ ಭಾರವನ್ನು ಕಂಪ್ಯೂಟರಿನ ಪ್ರೊಸೆಸರಿಗೆ ಹೊರಿಸುವ ಅಗ್ಗದ ಡಯಲ್-ಅಪ್ ಮೋಡೆಮ್. ಮೊದಲು ಯುಎಸ್ ರೋಬೋಟಿಕ್ಸ್ ಕಂಪನಿಯ ವ್ಯಾಪಾರನಾಮವಾಗಿದ್ದ ಈ ಹೆಸರು ಆಮೇಲೆ ಇಡೀ ಜಾತಿಗೇ ಅಂಟಿಕೊಂಡಿತು. ಇವುಗಳಲ್ಲಿ ಕೆಲವಕ್ಕೆ ನಿಯಂತ್ರಕ ಚಿಪ್ಪು ಮಾತ್ರ ಇಲ್ಲ. ಕೆಲವಕ್ಕೆ ಮಾಹಿತಿಯನ್ನು ಧ್ವನಿಯಾಗಿಸುವ ಚಿಪ್ಪೂ ಇಲ್ಲ. ಇಲ್ಲದ ಚಿಪ್ಪುಗಳ ಕೆಲಸವೆಲ್ಲ ವಿಂಡೋಸ್ ಡ್ರೈವರಿನ ಪಾಲು. ತಯಾರಕರು ಒಳವಿವರ ಬಿಟ್ಟುಕೊಡದ್ದರಿಂದ ಲಿನಕ್ಸ್ ಬಳಕೆದಾರರು ವರ್ಷಗಟ್ಟಲೆ ಪಾಡುಪಟ್ಟರು. ಲೂಸೆಂಟ್ ಕಂಪನಿಯ ಮೋಡೆಮ್ ಚಿಪ್ಪಿಗೆ ಸಿಕ್ಕ ಡ್ರೈವರಿನ ಮುಖ್ಯ ಭಾಗವೂ ಮೂಲಸಂಕೇತವಿಲ್ಲದ ಬೈನರಿಯೇ; ಕರ್ನೆಲ್ ಬದಲಾದರೆ ಮತ್ತೆ ಹೊಂದಿಸಬೇಕು.

ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ ಹೊರಮೋಡೆಮ್ ನಿಜಕ್ಕೂ ವಾಸಿ. 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್ ರೂಢಿಗೆ ತಂದ ‘ಎಟಿ’ ಆದೇಶಗಳು ಅದಕ್ಕೆ ತಾವಾಗಿ ಅರ್ಥವಾಗುತ್ತವೆ. ಬೇರೆ ಡ್ರೈವರ್ ಬೇಡ. ವಿಂಡೋಸಿನಲ್ಲಿ ಕಾಮ್1 ಎನಿಸುವ ಸೀರಿಯಲ್ ಪೋರ್ಟ್ ಲಿನಕ್ಸಿನಲ್ಲಿ ಟಿಟಿವೈಎಸ್0. ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆಂಬುದನ್ನು ಮರೆತರೆ ಮೋಡೆಮ್ ಉಸಿರೆತ್ತುವುದಿಲ್ಲ. ಡಬ್ಲ್ಯುವಿಡಯಲ್ ತಂತ್ರಾಂಶ ಫೋನ್ ಸಂಖ್ಯೆ ಒತ್ತುತ್ತದೆ. ಆಚೆ ಬದಿ ಓಗೊಟ್ಟ ಮೇಲೆ ಪಿಪಿಪಿಡಿ ಎಂಬ ಇನ್ನೊಂದು ತಂತ್ರಾಂಶ ಐಪಿ ವಿಳಾಸ ಪಡೆದು ಸಂಪರ್ಕ ನಡೆಸುತ್ತದೆ. ವಿ.90 ಮಾನಕದಲ್ಲಿ ಡೌನ್‌ಲೋಡ್ ವೇಗದ ಮಿತಿ ಸೆಕೆಂಡಿಗೆ 56 ಕಿಲೋಬಿಟ್, ಅಪ್‌ಲೋಡ್ 33.6.