ಅಟ್ಟದ ಮೇಲಿನ ಅಂಚೆಚೀಟಿ: ಆಸ್ತಿಯೋ, ಇತಿಹಾಸವೋ?

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಕಡೆ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟೋದು ಈಗ ಮಾಮೂಲಿ. ಮನೆ ಖಾಲಿ ಮಾಡುವಾಗ ಅಟ್ಟದಿಂದ ಒಂದು ಟ್ರಂಕು ಇಳಿಯುತ್ತೆ. ಒಳಗೆ ತಾತನ ಸ್ಟ್ಯಾಂಪ್ ಆಲ್ಬಮ್, ದಾರ ಕಟ್ಟಿದ ಹಳೇ ಕಾಗದಗಳ ಕಂತೆ. ‘ಇದಕ್ಕೆ ಈಗ ಎಷ್ಟು ಬರಬಹುದು?’ ಅಂತ ಒಬ್ಬರಾದರೂ ಕೇಳೇ ಕೇಳ್ತಾರೆ. ಇವತ್ತು ಆ ಪ್ರಶ್ನೆಯ ಬಗ್ಗೆಯೇ ಮಾತಾಡೋಣ.

ಮೊದಲು ಆಸೆ ಹುಟ್ಟಿಸೋ ಕಥೆ. ಗಾಂಧೀಜಿ ಹತ್ಯೆಯಾದ ವರ್ಷವೇ, 1948ರ ಆಗಸ್ಟ್ 15ರಂದು, ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದ ನಾಲ್ಕು ಬಗೆಯ ಗಾಂಧಿ ಚೀಟಿಗಳು ಬಿಡುಗಡೆಯಾದವು. ಅವುಗಳಲ್ಲಿ 10 ರೂಪಾಯಿಯ ಬರೀ 100 ಚೀಟಿಗಳ ಮೇಲೆ ‘ಸರ್ವಿಸ್’ ಅಂತ ಅಚ್ಚೊತ್ತಿ ಗವರ್ನರ್ ಜನರಲ್ ಕಚೇರಿಯ ಬಳಕೆಗೆ ಕೊಟ್ಟರು. 2017ರಲ್ಲಿ ಅಂಥ ನಾಲ್ಕು ಚೀಟಿಗಳ ಒಂದು ಸಾಲು 5 ಲಕ್ಷ ಪೌಂಡಿಗೆ ಮಾರಾಟವಾಯ್ತು.

ಇನ್ನೊಂದು ಚೀಟಿ ನೋಡಿ. ಸರ್ ಎಂ. ವಿಶ್ವೇಶ್ವರಯ್ಯನವರಿಗೆ ನೂರು ತುಂಬಿದಾಗ, ಅವರು ಬದುಕಿದ್ದಾಗಲೇ, 1960ರ ಸೆಪ್ಟೆಂಬರ್ 15ರಂದು ಅವರ ಚೀಟಿ ಬಂತು. ನಮ್ಮ ಮನಸ್ಸಿಗೆ ಎಷ್ಟೇ ದೊಡ್ಡದಾದರೂ ಅದು ಅಚ್ಚಾಗಿದ್ದು ಲಕ್ಷಗಟ್ಟಲೆ. ಹಳೇದು ಬೇರೆ, ಅಪರೂಪ ಬೇರೆ. ನಮ್ಮ ಬಹುತೇಕ ಆಲ್ಬಮ್‌ಗಳಲ್ಲಿ ಇರೋದು ಹಳೇದು ಅಷ್ಟೇ.

ಹಾಗಾದರೆ ಆ ಟ್ರಂಕಿನಲ್ಲಿ ಬೆಲೆಬಾಳೋದು ಏನೂ ಇಲ್ಲವಾ? ಇರಬಹುದು. ಅದು ಆಲ್ಬಮ್‌ಗಿಂತ ಹೆಚ್ಚಾಗಿ ಕಾಗದದ ಕಂತೆಯಲ್ಲಿ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ, ಶುರುವಾಗಿದ್ದು ಮೈಸೂರು ಅಂಚೆ. ಕಾಗದ ಸಾಗಿಸೋದರ ಜೊತೆಗೆ ಊರೂರಿನ ಸುದ್ದಿಯನ್ನ ಅರಮನೆಗೆ ಮುಟ್ಟಿಸೋ ಗೂಢಚಾರ ಕೆಲಸವೂ ಅದರದ್ದೇ. ತಿರುವಾಂಕೂರು, ಕೊಚ್ಚಿ, ಹೈದರಾಬಾದ್ ಸಂಸ್ಥಾನಗಳು ತಮ್ಮದೇ ಅಂಚೆಚೀಟಿ ಮಾಡಿಸಿಕೊಂಡವು. ಮೈಸೂರು ಮಾಡಿಸಲಿಲ್ಲ. ಗಂಡಭೇರುಂಡ ಇರೋ ಹಳೇ ಕೋರ್ಟ್ ಫೀ ಚೀಟಿ, ಛಾಪಾ ಕಾಗದ ಸಿಗುತ್ತವೆ, ಆದರೆ ಅವು ಅಂಚೆಯವಲ್ಲ. ಹಾಗಾಗಿ ಮೈಸೂರು ಅಂಚೆಯ ಚರಿತ್ರೆ ಉಳಿದಿರೋದು ಲಕೋಟೆಯ ಮೇಲಿನ ಮೊಹರಿನಲ್ಲಿ.

1889ರಲ್ಲಿ ಈ ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯ್ತು. ಈಗ ಒಂದು ಸಣ್ಣ ಲೆಕ್ಕ ಹಾಕಿ. ಚಾಮರಾಜಪೇಟೆ ಬಡಾವಣೆ ಹುಟ್ಟಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದಿದ್ದು 1898ರ ಪ್ಲೇಗಿನ ನಂತರ. ಅಂದರೆ ‘ಚಾಮರಾಜಪೇಟೆಯ ಮೈಸೂರು ಅಂಚೆ ಮೊಹರು, ತುಂಬಾ ಅಪರೂಪ’ ಅಂತ ಯಾರಾದರೂ ಮಾರಲು ಬಂದರೆ, ಪೇಟೆ ಹುಟ್ಟೋ ಮುಂಚೆಯೇ ಆ ಅಂಚೆ ಮುಗಿದಿತ್ತು ಅನ್ನೋದನ್ನ ನೆನಪಿಡಿ. ಖೋಟಾ ಮಾಲು ಹಿಡಿಯೋಕೆ ಕೆಲವೊಮ್ಮೆ ಭೂತಗನ್ನಡಿಗಿಂತ ಇತಿಹಾಸವೇ ಹೆಚ್ಚು ಉಪಯೋಗಕ್ಕೆ ಬರುತ್ತೆ.

ನಾವು ಚಿಕ್ಕವರಿದ್ದಾಗ ಏನು ಮಾಡ್ತಿದ್ವಿ? ಲಕೋಟೆಯನ್ನ ನೀರಲ್ಲಿ ನೆನೆಸಿ, ಚೀಟಿ ಬಿಡಿಸಿಕೊಂಡು, ಉಳಿದಿದ್ದನ್ನ ಬಿಸಾಕ್ತಿದ್ವಿ. ಎಲ್ಲಿಂದ ಹೊರಟಿತು, ಯಾವತ್ತು ತಲುಪಿತು, ಯಾರಿಗೆ ಬರೆದದ್ದು ಅನ್ನೋದೆಲ್ಲ ಆ ಬಿಸಾಕಿದ ಭಾಗದಲ್ಲೇ ಇತ್ತು. ಹಳೇ ಲಕೋಟೆಯಿಂದ ಚೀಟಿ ಕಿತ್ತರೆ ಚರಿತ್ರೆಯ ಜೊತೆಗೆ ಎಷ್ಟೋ ಸಲ ಬೆಲೆಯೂ ಹೋಗುತ್ತೆ.

ಇನ್ನು ಹೂಡಿಕೆ ಅನ್ನೋರಿಗೆ ಎರಡು ಮಾತು. ಜಗತ್ತಿನಲ್ಲಿ ಒಂದೇ ಒಂದು ಉಳಿದಿರೋ ಬ್ರಿಟಿಷ್ ಗಯಾನಾದ ಚೀಟಿ 2014ರಲ್ಲಿ ಸುಮಾರು 95 ಲಕ್ಷ ಡಾಲರಿಗೆ ಹೋಗಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 83 ಲಕ್ಷ. ಅಪರೂಪದಲ್ಲಿ ಅಪರೂಪದ ಚೀಟಿಯೂ ಇಳಿಯುತ್ತೆ. ಎರಡನೇದು ಸ್ಪೇನ್ ಕಥೆ. ಅಂಚೆಚೀಟಿ ಮೇಲೆ ದುಡ್ಡು ಹಾಕಿ, ಖಚಿತ ಲಾಭ ಕೊಡ್ತೀವಿ ಅಂದಿದ್ದ ಎರಡು ದೊಡ್ಡ ಕಂಪನಿಗಳ ಮೇಲೆ 2006ರಲ್ಲಿ ಪೊಲೀಸರು ದಾಳಿ ಮಾಡಿದರು. ಲಕ್ಷಾಂತರ ಸಾಮಾನ್ಯ ಜನರ ಉಳಿತಾಯ ಸಿಕ್ಕಿಹಾಕಿಕೊಂಡಿತು. ಹಳಬರಿಗೆ ಕೊಡ್ತಿದ್ದದ್ದು ಹೊಸಬರ ದುಡ್ಡನ್ನೇ. ಚೀಟಿ ಕಟ್ಟಿ ಕೈಸುಟ್ಟುಕೊಂಡ ನಮ್ಮೂರಿನವರಿಗೆ ಈ ಕಥೆ ಹೊಸದೇನಲ್ಲ, ಅಲ್ವಾ?

ಹಾಗಾಗಿ ಟ್ರಂಕು ಇಳಿಸಿದರೆ ಕತ್ತರಿ, ನೀರು ದೂರ ಇಡಿ. ಲಕೋಟೆಗಳನ್ನ ಒಣ ಜಾಗದಲ್ಲಿ ಹಾಗೇ ಇಟ್ಟು, ತಾರೀಕು, ಮೊಹರು ಓದಿ. ಬೆಲೆ ಕೇಳೋದಾದರೆ ಒಬ್ಬರಿಗಿಂತ ಹೆಚ್ಚು ಜನರನ್ನ ಕೇಳಿ. ಮಾರೋದು ಬಿಡೋದು ನಿಮ್ಮಿಷ್ಟ. ಆದರೆ ಗುಜರಿಯವನಿಗೆ ಕೆಜಿ ಲೆಕ್ಕದಲ್ಲಿ ಹಾಕೋ ಮುಂಚೆ ಒಂದು ಸಲ ಓದಿ ನೋಡಿ.